ಫುಟ್‌ರೆಸ್ಟ್‌ಗೆ ಕಾಲು ಎಟುಕುವವರೆಗೆ

ಪೆಟ್ರೋಲ್ ಟ್ಯಾಂಕ್ ಮೇಲೆ ಕೂತು ಲೋಕ ನೋಡಿದ ತಲೆಮಾರು ನಮ್ಮದು. ತೊಂಬತ್ತರ ದಶಕದಲ್ಲಿ ಹುಟ್ಟಿ, ಸಣ್ಣ ಊರಲ್ಲಿ ಬೆಳೆದು, ಮನೆಯಲ್ಲೊಂದು ಬೈಕ್ ಇದ್ದ ಯಾರನ್ನು ಬೇಕಾದರೂ ಕೇಳಿ ನೋಡಿ. ಅಪ್ಪನ ಎರಡು ಕೈಗಳ ನಡುವೆ ನಮ್ಮ ಜಾಗ. ಕಣ್ಣೆದುರಿಗೇ ನಡುಗುವ ಸ್ಪೀಡೋಮೀಟರ್ ಮುಳ್ಳು. ಮುಖಕ್ಕೆ ಬಡಿಯುವ ಗಾಳಿ, ಆಗಾಗ ಬಾಯಿಗೇ ಬರುವ ಹುಳ. ಹ್ಯಾಂಡಲ್ ಮಧ್ಯದ ರಾಡ್ ಹಿಡ್ಕೊಂಡು ಬಾಯಲ್ಲೇ ಗೇರ್ ಹಾಕ್ತಿದ್ದರೆ, ಗಾಡಿ ಓಡಿಸ್ತಿರೋದು ನಾವೇ ಅನ್ನೋದರಲ್ಲಿ ಡೌಟೇ ಇರಲಿಲ್ಲ.

ನಮ್ಮೂರು ತಿಪಟೂರು. ಅಪ್ಪ ಮೇಷ್ಟ್ರು. ಅವರ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಯೆಜ್ಡಿ. ಮೈಸೂರಿನಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತಲ್ಲ, ಅಲ್ಲಿ ತಯಾರಾದ ಗಾಡಿ. ನೋಡಿಲ್ಲದವರಿಗೆ ಹೇಳಬೇಕು: ಅದರಲ್ಲಿ ಕಿಕ್ಕರ್ರೇ ಗೇರ್ ಲಿವರ್. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಹಾಕಬಹುದು. ಟೂ ಸ್ಟ್ರೋಕ್ ಆದ್ದರಿಂದ ಬಂಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಿಸಬೇಕು. ಸೈಲೆನ್ಸರ್ ಎರಡು, ಎರಡೂ ಕಡೆ. ಹಾಗಾಗಿ ಯಾವ ಕಡೆಯಿಂದ ಹತ್ತಿದರೂ ಮೀನಖಂಡ ಸುಡೋದು ಗ್ಯಾರಂಟಿ. ನನ್ನ ಬಲಗಾಲಲ್ಲಿ ಆ ಗುರುತು ಇವತ್ತಿಗೂ ಇದೆ. ಅರಸೀಕೆರೆ ಹತ್ತಿರ ಅಜ್ಜಿ ಊರಿಗೆ ತೆಂಗಿನ ತೋಟಗಳ ನಡುವೆ ಹೋಗ್ತಿದ್ದ ಆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿಯಲ್ಲೇ ನನಗೆ ಬೈಕ್ ಹುಚ್ಚು ಹಿಡಿದದ್ದು. ಇಂಜಿನಿಯರಿಂಗ್ ಓದೋಕೂ ಅದೇ ಕಾರಣ. ಕೊನೆಗೆ ಸಿಕ್ಕಿದ್ದು ಸಾಫ್ಟ್‌ವೇರ್ ಕೆಲಸ, ಆ ಮಾತು ಬೇರೆ.

ಈಗ ನನಗೂ ಒಬ್ಬ ಮಗಳಿದ್ದಾಳೆ. ಐದೂವರೆ ವರ್ಷ. ಬೆಂಗಳೂರಿನ ಬಾಡಿಗೆ ಮನೆಯ ಕೆಳಗೆ ಒಂದು ಕ್ಲಾಸಿಕ್ 350 ನಿಂತಿದೆ. ಅವಳನ್ನ ನಾನು ಇವತ್ತಿನವರೆಗೂ ಟ್ಯಾಂಕ್ ಮೇಲೆ ಕೂರಿಸಿಕೊಂಡು ಗಾಡಿ ಓಡಿಸಿಲ್ಲ, ಓಡಿಸೋದೂ ಇಲ್ಲ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ನಾಯಿ ಅಡ್ಡ ಬಂದಿದ್ದು ತಲೆಗೆ ಹೊಳೆದು ಕೈ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು ಅಂದುಕೊಳ್ಳಿ, 11 ಮೀಟರ್ ಮುಗೀತು. ಒಣ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿದರೂ ಪೂರ್ತಿ ನಿಲ್ಲೋಕೆ ಇನ್ನೊಂದು ಹತ್ತು ಮೀಟರ್ ಬೇಕು. ಒಟ್ಟು 21 ಮೀಟರ್. ಅದೇ 60ರಲ್ಲಿ ಹೋಗ್ತಿದ್ದರೆ ಸುಮಾರು 40 ಮೀಟರ್. ವೇಗ ಒಂದೂವರೆ ಪಟ್ಟು ಆದರೆ ನಿಲ್ಲುವ ದೂರ ಹೆಚ್ಚುಕಮ್ಮಿ ಎರಡು ಪಟ್ಟು. ಬ್ರೇಕ್ ಹಿಡಿದ ಆ ಕ್ಷಣದಲ್ಲಿ ಎಪ್ಪತ್ತೈದು ಕೆ.ಜಿ.ಯ ನಾನು ಮುಂದಕ್ಕೆ ಜಾರ್ತೀನಿ. ನನ್ನ ಎದೆಗೂ ಹ್ಯಾಂಡಲ್‌ಗೂ ನಡುವೆ ಇರೋದು ಹದಿನೆಂಟು ಕೆ.ಜಿ.ಯ ಮಗು. ಎಬಿಎಸ್ ಇರಲಿ, ಡಿಸ್ಕ್ ಬ್ರೇಕ್ ಇರಲಿ, ಈ ಲೆಕ್ಕ ಬದಲಾಗಲ್ಲ.

ಅಪ್ಪ ಊರಿಂದ ಬಂದಾಗ ಇದೇ ವಿಷಯಕ್ಕೆ ಮಾತು ಬಂತು. ಮೊಮ್ಮಗಳನ್ನ ಎತ್ತಿ ಟ್ಯಾಂಕ್ ಮೇಲೆ ಕೂರಿಸೋಕೆ ಹೋದರು. ನಾನು ಬೇಡ ಅಂದೆ.

"ಏನೂ ಆಗಲ್ಲ ಕಣೋ. ನಿನ್ನನ್ನ ಹಂಗೇ ತಾನೇ ಬೆಳೆಸಿದ್ದು? ಏನಾಯ್ತು?"

"ಅಪ್ಪಾ, ಏನಾದ್ರೂ ಆದವರು ಹಿಂಗೆ ಬಂದು ಹೇಳೋಕೆ ಇರಲ್ಲ ಅಲ್ವಾ" ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಅವಳನ್ನ ಇಳಿಸಿ, ಹಿಂದಿನ ಸೀಟಿನ ಮೇಲೆ ಕೂರಿಸಿದರು. ಅಪ್ಪ ಮಾಡಿದ್ದು ಆ ಕಾಲಕ್ಕೆ ಎಲ್ಲರೂ ಮಾಡ್ತಿದ್ದದ್ದೇ. ರಸ್ತೆಯಲ್ಲಿ ಗಾಡಿಗಳೂ ಕಡಿಮೆ, ಯೆಜ್ಡಿಯೂ ನಿಧಾನ. ನನಗೆ ಕಷ್ಟ ಆಗಿರೋದು ಬೇರೆ ಕಾರಣಕ್ಕೆ. ನನಗೆ ಈ ಪ್ರೀತಿ ಬಂದದ್ದೇ ಆ ಟ್ಯಾಂಕ್ ಮೇಲಿಂದ. ಆ ಜಾಗವನ್ನೇ ತೆಗೆದುಬಿಟ್ಟ ಮೇಲೆ ಮಗಳಿಗೆ ನಾನು ಏನನ್ನ ದಾಟಿಸಬೇಕು?

ಅವಳು ಹುಟ್ಟಿದಾಗ "ಇನ್ನು ಬೈಕ್ ಮಾರಿಬಿಡು" ಅಂತ ಹೇಳದವರೇ ಇಲ್ಲ. ಆಫೀಸಿನಲ್ಲಿ ನನ್ನ ಜೊತೆ ರೈಡ್ ಹೋಗ್ತಿದ್ದ ಇಬ್ಬರು ಮಗು ಆದ ಮೇಲೆ ಮಾರಿಯೂ ಬಿಟ್ಟರು. ಅವರು ಮಾಡಿದ್ದರಲ್ಲಿ ತಪ್ಪೇನಿಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ನಂದಿ ಬೆಟ್ಟಕ್ಕೋ ಸಾವನದುರ್ಗಕ್ಕೋ ಹೋಗಿ, ದೋಸೆ ತಿಂದು, ಹನ್ನೊಂದಕ್ಕೆ ವಾಪಸ್ ಬಂದು ಮಲಗಿಬಿಟ್ಟರೆ, ವಾರಕ್ಕೊಂದು ದಿನ ಸಿಗೋ ಅಪ್ಪನೂ ಆ ಮಗುವಿಗೆ ಸಿಗಲ್ಲ. ಹಾಗಾಗಿ ನಾವಿಬ್ಬರೂ ಒಂದು ರಾಜಿ ಮಾಡಿಕೊಂಡ್ವಿ. ತಿಂಗಳಿಗೊಂದು ಭಾನುವಾರ ನನ್ನ ರೈಡ್. ಉಳಿದ ಭಾನುವಾರ ಬೆಳಿಗ್ಗೆ ಬೈಕ್ ನಮ್ಮಿಬ್ಬರದು, ನಂದೂ ಪುಟ್ಟಿದೂ.

ನಮ್ಮಿಬ್ಬರದು ಅಂದರೆ ಹೆಚ್ಚಿನ ಹೊತ್ತು ಅದು ಓಡೋದೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿರ್ತೀವಿ. ಕೀ ನನ್ನ ಜೇಬಿನಲ್ಲಿ. ಬಕೆಟ್, ಹಳೇ ಬನಿಯನ್, ಹಳೇ ಟೂತ್‌ಬ್ರಷ್. ಚಕ್ರದ ಕಡ್ಡಿ ಒರೆಸೋದು ಅವಳ ಡಿಪಾರ್ಟ್‌ಮೆಂಟ್. ಚೈನ್ ಮಾತ್ರ ಮುಟ್ಟೋ ಹಾಗಿಲ್ಲ. ಇಂಜಿನ್ ಆಫ್ ಇದ್ದರೂ, ಕೈಯಲ್ಲಿ ಚಕ್ರ ತಿರುಗಿಸುವಾಗ ಚೈನಿಗೂ ಹಲ್ಲಿನ ಚಕ್ರಕ್ಕೂ ನಡುವೆ ಬೆರಳು ಸಿಕ್ಕಿಕೊಂಡರೆ ಕಥೆ ಮುಗೀತು. ಇದನ್ನ ಅವಳಿಗೆ ಕ್ಯಾರೆಟ್ ಇಟ್ಟು ತೋರಿಸಿದೀನಿ. ಕ್ಯಾರೆಟ್ ಕಚಕ್ ಅಂತ ತುಂಡಾಯ್ತು. ಆಮೇಲೆ ಅವಳು ಚೈನ್ ಕಡೆ ಕೈ ಚಾಚಿಲ್ಲ. ಕೆಳಗಿನ ಮನೆಯ ಮಕ್ಕಳಿಗೆಲ್ಲ ಅವಳೇ ಪಾಠ ಮಾಡ್ತಾಳೆ, "ಕ್ಯಾರೆಟ್ ಆಗೋಗುತ್ತೆ" ಅಂತ.

ಹತ್ತೋದು ಎಡಗಡೆಯಿಂದಲೇ, ಯಾಕಂದ್ರೆ ನಮ್ಮ ಗಾಡಿಯ ಸೈಲೆನ್ಸರ್ ಬಲಗಡೆ. ಟೈರಿನ ಗಾಳಿ ನೋಡೋಕೆ ಒಂದು ಗೇಜ್ ತಂದಿಟ್ಟಿದೀನಿ. ಎರಡಂಕಿ ಸಂಖ್ಯೆ ಓದೋಕೆ ಅವಳು ಕಲಿತದ್ದು ಸ್ಕೂಲಲ್ಲಿ ಅಲ್ಲ, ಆ ಗೇಜ್‌ನಲ್ಲಿ. ಹಿಂದಿನ ಟೈರಿಗೆ ಯಾಕೆ ಜಾಸ್ತಿ ಗಾಳಿ ಅಂತ ಒಂದು ದಿನ ಕೇಳಿದಳು. "ಹಿಂದೆ ನೀನು ಕೂರ್ತೀಯಲ್ಲ, ಅದಕ್ಕೆ" ಅಂದೆ. ಭಾರೀ ಖುಷಿ. ಒಂದು ವಾರ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು, ತನಗೋಸ್ಕರ ಟೈರಿಗೆ ಎಕ್ಸ್‌ಟ್ರಾ ಗಾಳಿ ಹಾಕಿಸ್ತಾರೆ ಅಂತ.

ಇದೆಲ್ಲ ಆದಮೇಲೆ ಲೇಔಟ್ ಒಳಗೆ ಎರಡು ರೌಂಡ್. ಸೆಕೆಂಡ್ ಗೇರ್, ಇಪ್ಪತ್ತರ ಸುಮಾರು ಸ್ಪೀಡ್. ಮೇನ್ ರೋಡಿಗೆ ಇಳಿಯಲ್ಲ.

ಹೆಲ್ಮೆಟ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಇಲ್ಲಿ ನಮ್ಮವರ ಒಂದು ಅಭ್ಯಾಸ ಅಡ್ಡ ಬರುತ್ತೆ. ಮಕ್ಕಳಿಗೆ ಏನು ತಗೊಂಡರೂ ಒಂದು ಸೈಜ್ ದೊಡ್ಡದು ತಗೊಳ್ಳೋದು. ಯೂನಿಫಾರ್ಮ್, ಶೂ, ಹಬ್ಬದ ಲಂಗ, ಎಲ್ಲ "ಬೆಳೀತಾಳೆ ಬಿಡಿ" ಲೆಕ್ಕ. ಹೆಲ್ಮೆಟ್‌ಗೆ ಆ ಲೆಕ್ಕ ನಡೆಯಲ್ಲ. ದರ್ಜಿ ಟೇಪ್ ತಗೊಂಡು ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತಳತೆ ನೋಡಬೇಕು. ನಮ್ಮ ಪುಟ್ಟಿಯದು 51 ಸೆಂ.ಮೀ. ದೊಡ್ಡವರ ಹೆಲ್ಮೆಟ್‌ನಲ್ಲಿ ಅತಿ ಚಿಕ್ಕದೂ ಅವಳಿಗೆ ಲೊಡಲೊಡ ಅನ್ನುತ್ತೆ. ಹಾಕಿದ ಮೇಲೆ ತಲೆ ಆಡಿಸಿದರೆ ಹೆಲ್ಮೆಟ್ ಜೊತೆಗೆ ಕೆನ್ನೆಯ ಚರ್ಮವೂ ಅಲ್ಲಾಡಬೇಕು, ಹೆಲ್ಮೆಟ್ ಒಂದೇ ತಿರುಗಬಾರದು. ತೂಕವೂ ಮುಖ್ಯ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತಿನ ಬಲ ಕಡಿಮೆ. ಅದರ ಮೇಲೆ ಒಂದೂವರೆ ಕೆ.ಜಿ. ಹೇರಿದರೆ ಹೇಗೆ? 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರೋ ಹಾಗೇ ಇಲ್ಲ. ಆದರೂ ಫುಟ್‌ಪಾತ್‌ನಲ್ಲಿ ಕಾರ್ಟೂನ್ ಸ್ಟಿಕರ್ ಅಂಟಿಸಿದ ಪ್ಲಾಸ್ಟಿಕ್ ಟೋಪಿಗಳು ಈಗಲೂ ಕಾಣಿಸ್ತವೆ. ದಯವಿಟ್ಟು ಅವನ್ನ ತಗೋಬೇಡಿ.

ಕಾನೂನು ಏನು ಹೇಳುತ್ತೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ಹೊರಡಿಸಿತು, 2023ರ ಫೆಬ್ರವರಿ 15ರಿಂದ ಜಾರಿ. ಅದರ ಪ್ರಕಾರ ಮಗುವಿಗೂ ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು, ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತೆ. ಮಗುವನ್ನು ಓಡಿಸುವವರ ಮೈಗೆ ಕಟ್ಟುವ ಸೇಫ್ಟಿ ಹಾರ್ನೆಸ್ ಬೇಕು, ಅದು 30 ಕೆ.ಜಿ. ತಡೆಯುವಂತಿರಬೇಕು. ಸ್ಪೀಡ್ 40 ದಾಟಬಾರದು. ಮಗಳಿಗೆ ಐದು ದಾಟಿದ್ದರೂ ನಾನು ಹಾರ್ನೆಸ್ ಬಿಟ್ಟಿಲ್ಲ. ಕಾರಣ ನಿದ್ದೆ. ಗಾಳಿ, ಇಂಜಿನ್ನಿನ ಒಂದೇ ಸಮನೆಯ ಸದ್ದು, ಸಣ್ಣ ನಡುಕ, ಇಷ್ಟು ಸಿಕ್ಕರೆ ಮಕ್ಕಳು ಐದು ನಿಮಿಷದಲ್ಲಿ ತೂಕಡಿಸ್ತಾರೆ. ಹಿಂದೆ ಅಮ್ಮಂದಿರು ಸೆರಗಿನಲ್ಲೋ ದುಪಟ್ಟಾದಲ್ಲೋ ಮಗುವನ್ನ ಸುತ್ತಿ ಕಟ್ಟಿಕೊಳ್ತಿದ್ದದ್ದು ಇದಕ್ಕೇ. ಅವರಿಗೆ ಯಾವ ನಿಯಮವೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ನನಗೇ ಸಮಾಧಾನ ಇಲ್ಲ. ಕಾನೂನಿನ ಪ್ರಕಾರ ದ್ವಿಚಕ್ರದ ಮೇಲೆ ಓಡಿಸುವವರ ಜೊತೆ ಇನ್ನೊಬ್ಬರು ಮಾತ್ರ. ಮಗುವೂ ಒಬ್ಬರೇ ಲೆಕ್ಕ. ಕೇರಳದಲ್ಲಿ 2023ರಲ್ಲಿ ರಸ್ತೆಗೆಲ್ಲ ಕ್ಯಾಮೆರಾ ಬಂದಾಗ, ಗಂಡ ಹೆಂಡತಿ ಜೊತೆ ಒಂದು ಸಣ್ಣ ಮಗುವಿಗಾದರೂ ವಿನಾಯಿತಿ ಕೊಡಿ ಅಂತ ಕೇಳಿದ್ದರು. ಕೇಂದ್ರ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಸರಿ ಅಂತ ನನ್ನ ತಲೆ ಹೇಳುತ್ತೆ. ಆದರೆ ನನ್ನಂಥವನಿಗೆ ಬೈಕ್ ಅಂದರೆ ಭಾನುವಾರದ ಹುಚ್ಚು. ಮಳೆ ಬಂದರೆ ಕ್ಯಾಬ್ ಬುಕ್ ಮಾಡ್ತೀನಿ. ಟಿವಿಎಸ್ ಎಕ್ಸ್‌ಎಲ್ ಮೇಲೆ ಇಬ್ಬರು ಮಕ್ಕಳನ್ನ ಕೂರಿಸಿಕೊಂಡು ಜಾತ್ರೆಗೆ ಹೊರಟ ಗಂಡ ಹೆಂಡತಿಗೆ ಅದೇ ಬಸ್ಸು, ಅದೇ ಕಾರು. ಅವರನ್ನ ನೋಡಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ ನಗೋದನ್ನ ಕಂಡರೆ ನನಗೆ ಸಿಟ್ಟು ಬರುತ್ತೆ.

ಈ ಟ್ಯಾಂಕ್ ಪುರಾಣವನ್ನ ಒಂದು ದಿನ ಫೋನಲ್ಲಿ ಅಕ್ಕನ ಹತ್ತಿರ ಹೇಳ್ತಿದ್ದೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಕೆಂಗೇರಿಯಲ್ಲಿದ್ದಾಳೆ. ಎಲ್ಲ ಕೇಳಿಸಿಕೊಂಡು ಅಂದಳು, "ನನ್ನನ್ನ ಯಾವತ್ತೂ ಟ್ಯಾಂಕ್ ಮೇಲೆ ಕೂರಿಸಲಿಲ್ಲ ಕಣೋ."

ನಾನು ಇದನ್ನ ಗಮನಿಸಿಯೇ ಇರಲಿಲ್ಲ. ಅವಳು ಯಾವಾಗಲೂ ಹಿಂದೆ, ಅಪ್ಪನ ಬೆನ್ನಿಗೂ ಅಮ್ಮನ ಮಡಿಲಿಗೂ ನಡುವೆ. ಅಲ್ಲಿಂದ ಕಾಣೋದು ಅಪ್ಪನ ಶರ್ಟ್ ಮಾತ್ರ. "ಆ ಶರ್ಟಿನ ಚೌಕಳಿ ಎಣಿಸ್ತಾ ಕೂರ್ತಿದ್ದೆ" ಅಂದಳು. ಯಾರೂ ಬೇಕಂತ ಮಾಡಿದ್ದಲ್ಲ. ಹುಡುಗ ಮುಂದೆ, ಹುಡುಗಿ ಹಿಂದೆ, ಅಷ್ಟೇ. ನಾನು ಎಂಟನೇ ಕ್ಲಾಸಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಅಂಗಳದಲ್ಲಿ ನಿಲ್ಲಿಸ್ತಿದ್ದೆ. ಅವಳು ಸ್ಕೂಟರ್ ಕಲಿತದ್ದು ಇಪ್ಪತ್ತಾರಕ್ಕೆ, ಸ್ವಂತ ಸಂಬಳದಲ್ಲಿ, ದುಡ್ಡು ಕೊಟ್ಟು. ಬೆಂಗಳೂರಿನ ಐಶ್ವರ್ಯಾ ಪಿಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು, ಮೋಟಾರ್ ಸ್ಪೋರ್ಟ್ಸ್‌ನಲ್ಲಿ ವಿಶ್ವ ಪಟ್ಟ ಗೆದ್ದ ಮೊದಲ ಭಾರತೀಯರಾದಾಗ, ನಮ್ಮ ಫ್ಯಾಮಿಲಿ ಗ್ರೂಪಿಗೆ ಆ ಸುದ್ದಿ ಹಾಕಿದ್ದು ನಾನಲ್ಲ, ಅಕ್ಕ. ಅವತ್ತು ನಾನು ಒಂದು ಥಂಬ್ಸಪ್ ಒತ್ತಿ ಸುಮ್ಮನಾಗಿದ್ದೆ. ಅದರ ಹಿಂದೆ ಇಷ್ಟು ಚೌಕಳಿ ಇದ್ದವು ಅಂತ ಈಗ ಗೊತ್ತಾಗ್ತಿದೆ.

ರೇಸಿಂಗ್ ಮಾತು ಬಂತು ಅಂತ ಹೇಳ್ತೀನಿ, ಪುಟ್ಟಿಯನ್ನ ರೇಸರ್ ಮಾಡೋ ಆಸೆ ನನಗಿಲ್ಲ. ಅದಕ್ಕೆ ಟ್ರ್ಯಾಕ್ ಬೇಕು, ಕೋಚ್ ಬೇಕು, ಮೈತುಂಬಾ ಗಾರ್ಡ್ ಬೇಕು. ಅದು ಬೇರೆಯದೇ ಕಸುಬು. ನಾನು ಕಲಿಸಬಲ್ಲದ್ದು ಬ್ಯಾಲೆನ್ಸ್ ಅಷ್ಟೇ.

ಅದಕ್ಕೆ ಬೈಕ್ ಬೇಡ, ಹನ್ನೆರಡು ಇಂಚಿನ ಸೈಕಲ್ ಸಾಕು. ನಾವೆಲ್ಲ ಸೈಡ್ ವೀಲ್ ಹಾಕಿಸಿ ಕಲಿಸ್ತೀವಲ್ಲ, ಅದರಿಂದ ಮಗು ಪೆಡಲ್ ತುಳಿಯೋದು ಕಲಿಯುತ್ತೆ, ಬ್ಯಾಲೆನ್ಸ್ ಕಲಿಯಲ್ಲ. ಸೈಕಲ್ ವಾಲೋಕೇ ಅದು ಬಿಡಲ್ಲ. ತಿರುವಿನಲ್ಲಿ ವಾಲೋದೇ ಎರಡು ಚಕ್ರದ ಗುಟ್ಟು. ನಾನು ಸೈಡ್ ವೀಲ್ ಜೊತೆಗೆ ಪೆಡಲ್‌ಗಳನ್ನೂ ಬಿಚ್ಚಿಬಿಟ್ಟೆ. (ಬಿಚ್ಚೋರಿಗೆ ಒಂದು ಮಾತು: ಎಡಗಡೆ ಪೆಡಲ್‌ನ ಥ್ರೆಡ್ಡು ಉಲ್ಟಾ ಇರುತ್ತೆ. ಬಲವಂತ ಮಾಡಿದರೆ ಇನ್ನೂ ಬಿಗಿಯಾಗುತ್ತೆ.) ಸೀಟು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತೆ ಮಾಡಿದೆ. ಕಾಲಲ್ಲಿ ತಳ್ಳಿಕೊಂಡು ಹೋಗೋದು, ಸ್ವಲ್ಪ ವೇಗ ಬಂದಾಗ ಕಾಲೆತ್ತೋದು. ಪಕ್ಕದ ಮನೆಯವರು "ಪಾಪ, ಮಗು ಸೈಕಲ್‌ಗೆ ಪೆಡಲ್ಲೇ ಇಲ್ವಲ್ರೀ" ಅಂದರು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ ಗಾಡಿಗೂ ಪೆಡಲ್ ಇರಲಿಲ್ಲ ಸಾರ್, ಇವತ್ತಿನ ಸೈಕಲ್ಲಿಗೆಲ್ಲ ಅದೇ ಮೂಲ ಅಂದೆ. ಅವರಿಗೆ ಅಷ್ಟೇನೂ ಸಮಾಧಾನ ಆದಂತೆ ಕಾಣಲಿಲ್ಲ. ಮೂರು ವಾರ ಆದಮೇಲೆ ಪೆಡಲ್ ವಾಪಸ್ ಹಾಕಿದೆ. ಹಿಂದೆ ಓಡಿಕೊಂಡು ಹಿಡಿಯೋ ಕೆಲಸವೇ ಬರಲಿಲ್ಲ, ಹೊರಟೇ ಹೋದಳು.

ಅವತ್ತು ರಾತ್ರಿ ಹೆಂಡತಿ ಒಂದು ಪ್ರಶ್ನೆ ಕೇಳಿದಳು. "ರೀ, ಇಷ್ಟೆಲ್ಲ ಹುಚ್ಚು ಹಿಡಿಸ್ತಿದೀರಲ್ಲ, ಹದಿನೆಂಟಕ್ಕೆ ಅವಳು ಬೈಕ್ ಕೇಳ್ತಾಳೆ. ಆಗ ನೀವು ಬೇಡ ಅನ್ನೋಕಾಗುತ್ತಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಅಂಕಿಅಂಶ ನನಗೂ ಗೊತ್ತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಶೇ 44.5 ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ. ನಾನು ಮಗಳಿಗೆ ದಾಟಿಸ್ತಿರೋ ಪ್ರೀತಿಯ ಇನ್ನೊಂದು ಮುಖ ಇದು, ಇದನ್ನ ಬಚ್ಚಿಟ್ಟು ಮಾತಾಡೋಕಾಗಲ್ಲ. ಅವಳನ್ನ ಬೈಕಿನಿಂದ ದೂರ ಇಟ್ಟರೆ ಅವಳು ದೂರವೇ ಇರ್ತಾಳಾ? ನಮ್ಮೂರಿನ ಕಾಲೇಜ್ ಗ್ರೌಂಡಿನಲ್ಲಿ ಸಂಜೆ ನೋಡಿ, ಹದಿಮೂರು ಹದಿನಾಲ್ಕರ ಹುಡುಗರು ಯಾರದೋ ಅಣ್ಣನ ಗಾಡಿಯಲ್ಲಿ ಮೂವರು ಕೂತು ಕಲೀತಿರ್ತಾರೆ. ಸಿಕ್ಕಿಬಿದ್ದರೆ ಪೋಷಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಆ ಹುಡುಗನಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಇಲ್ಲ ಅಂತ 2019ರ ತಿದ್ದುಪಡಿಯೇ ಹೇಳುತ್ತೆ. ಗ್ರೌಂಡ್ ಮಾತ್ರ ಇನ್ನೂ ಖಾಲಿ ಆಗಿಲ್ಲ. ಪುಟ್ಟಿ ಕಲಿಯೋದಾದರೆ ಯಾರದೋ ಗಾಡಿಯಲ್ಲಿ ಕದ್ದು ಕಲಿಯೋದು ಬೇಡ. ಮೊದಲು ಹೆಲ್ಮೆಟ್, ಆಮೇಲೆ ಕೀ, ಅನ್ನೋದು ಅವಳಿಗೆ ಊಟಕ್ಕೆ ಮುಂಚೆ ಕೈ ತೊಳೆಯೋ ಹಾಗೆ ಆಗಿಬಿಡಲಿ ಅಂತ ನನ್ನ ಆಸೆ.

"ಆಗ ಬೇಡ ಅನ್ನೋಕಾಗಲ್ಲ. ಅದಕ್ಕೇ ಈಗಿಂದ ಹೇಳಿಕೊಡ್ತಿದೀನಿ" ಅಂದೆ. ಅವಳು ದೀಪ ಆರಿಸಿದಳು. ಒಪ್ಪಿದಳು ಅಂತ ನಾನು ಅಂದುಕೊಂಡಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು, ಪುಟ್ಟಿಗೆ ಎಲ್ಲ ಭಾನುವಾರವೂ ಬೈಕ್ ಬೇಕಾಗಿಲ್ಲ. ಒಮ್ಮೊಮ್ಮೆ ಬಕೆಟ್ ಹಿಡ್ಕೊಂಡು ಕರೆದರೆ "ಅಪ್ಪಾ, ನಾನು ಇವತ್ತು ಡ್ರಾಯಿಂಗ್" ಅಂತ ಬಾಗಿಲು ಹಾಕ್ಕೋತಾಳೆ. ಮಾವನ ಕಾರಿನ ಎಸಿಯಲ್ಲಿ ಕೂತು ಬಂದ ದಿನವಂತೂ "ನಮಗೂ ಕಾರ್ ತಗೊಳ್ಳೋಣ, ಬೈಕಲ್ಲಿ ಧೂಳು" ಅಂತ ತೀರ್ಪು ಕೊಟ್ಟಳು. ನನಗೆ ಒಳಗೊಳಗೇ ಸ್ವಲ್ಪ ಚುಚ್ಚಿತು. ಬಲವಂತ ಮಾಡಲಿಲ್ಲ. ಅಪ್ಪ ನನಗೆ ಕಾದಂಬರಿ ಓದಿಸೋಕೆ ಪಟ್ಟ ಪಾಡು ನೆನಪಿದೆ.

ದೂರದ ರೈಡಿಗೆ ಮಾತ್ರ ಒಂದು ಷರತ್ತು ಇಟ್ಟಿದೀನಿ. ಇದು ಕಾನೂನಲ್ಲ, ನನ್ನದೇ. ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಾಗ ಅವಳ ಎರಡೂ ಪಾದ ಫುಟ್‌ರೆಸ್ಟ್ ಮೇಲೆ ಊರಬೇಕು. ಕಾಲು ಜೋತಾಡ್ತಿದ್ದರೆ ಹಳ್ಳ ಬಂದಾಗ ಮೈಯೆತ್ತೋಕಾಗಲ್ಲ, ಬ್ರೇಕ್ ಹಿಡಿದಾಗ ತಡೆದುಕೊಳ್ಳೋಕಾಗಲ್ಲ. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರವನ್ನ ಬಾಗಿಲಿನ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡ್ತಾರೆ. ನಮ್ಮಲ್ಲಿ ಸ್ಕೇಲ್ ಹಿಡಿದು ಅವಳ ಹಿಮ್ಮಡಿಗೂ ಫುಟ್‌ರೆಸ್ಟ್‌ಗೂ ಇರೋ ಅಂತರ ಅಳೀತೀವಿ. ಕಳೆದ ಯುಗಾದಿಗೆ ಒಂಬತ್ತು ಸೆಂ.ಮೀ. ಇತ್ತು, ಈ ಯುಗಾದಿಗೆ ಆರು.

ಮೊದಲ ರೈಡ್ ಎಲ್ಲಿಗೆ ಅನ್ನೋದು ಈಗಲೇ ತೀರ್ಮಾನ ಆಗಿದೆ, ಬಿಡದಿಗೆ, ತಟ್ಟೆ ಇಡ್ಲಿಗೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ. ನಮಗೆ ಹೇಗೂ 40ರ ಮೇಲೆ ಹೋಗೋದಿಲ್ಲ, ಅದೇ ಒಳ್ಳೇದು. ಕೆಂಗೇರಿಯಲ್ಲಿ ಅತ್ತೆ ಸ್ಕೂಟರ್ ತಗೊಂಡು ಸೇರಿಕೊಳ್ತಾಳಂತೆ. ಅಮ್ಮ ಅತ್ತೆಯ ಹಿಂದೆ. ಇದೆಲ್ಲ ಪುಟ್ಟಿಯೇ ಮಾಡಿದ ಪ್ಲಾನ್.

ಕಳೆದ ವಾರ ಸ್ಕೂಲ್ ಶೂ ಹಾಕ್ಕೊಂಡು ಬಂದು ಸೀಟ್ ಹತ್ತಿ ಕೂತಳು. "ಅಪ್ಪಾ, ಈಗ ಅಳೆ." ಶೂ ಅಡಿ ದಪ್ಪ ಇದ್ದದ್ದರಿಂದ ನಾಲ್ಕಕ್ಕೆ ಇಳಿದಿತ್ತು. ಶೂ ಲೆಕ್ಕಕ್ಕಿಲ್ಲ ಅಂದೆ. "ರೈಡ್‌ಗೆ ಶೂ ಹಾಕ್ಕೊಂಡೇ ಹೋಗಬೇಕು ಅಂತ ನೀನೇ ಹೇಳಿದ್ದಲ್ವಾ?" ಅಂದಳು. ಭಾನುವಾರ ಅವಳಮ್ಮನ ಮುಂದೆ ಪಂಚಾಯ್ತಿ ಇದೆ.